ಚಾಡಿ ಹೇಳುವವರು, ಚಾಡಿ ಕೇಳುವವರು

(ಹಾಸನದಲ್ಲಿ ಓದುಗ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕ್ರಿಸ್ತಪೂರ್ವ 14ನೇ ಶತಮಾನದಲ್ಲಿ ಜೆರುಸಲೇಮಿನಲ್ಲಿ ಅಬ್ದಿ-ಹೆಬ ಅಂತ ಒಬ್ಬ ಇದ್ದ. ನಮ್ಮ ಕಡೆಯ ಲೆಕ್ಕದಲ್ಲಿ ಪಾಳೆಯಗಾರ ಅನ್ನಿ. ಮೇಲೆ ಈಜಿಪ್ಟಿನ ದೊರೆ, ಅವನ ಕೈಕೆಳಗೆ ಇವನು. ಇವನು ದೊರೆಗೆ ಬರೆಸಿದ ಅರ್ಜಿಗಳು ಮಣ್ಣಿನ ಹಲಗೆಗಳ ಮೇಲೆ ಉಳಿದುಬಂದಿವೆ. 1887ರಲ್ಲಿ ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ರಾಶಿಯಲ್ಲಿ ಅವೂ ಇದ್ದವು. ಒಂದರ ಸಾರಾಂಶ ಹೀಗಿದೆ: ನಾನು ಮಾಡಿದ ತಪ್ಪಾದರೂ ಏನು ಸ್ವಾಮಿ? ಅಬ್ದಿ-ಹೆಬ ತಿರುಗಿಬಿದ್ದ ಅಂತ ನಿಮ್ಮ ಕಿವಿಗೆ ಹಾಕುತ್ತಿದ್ದಾರೆ. ಈ ಜಾಗದಲ್ಲಿ ನನ್ನನ್ನು ಕೂರಿಸಿದ್ದು ನನ್ನ ಅಪ್ಪನೂ ಅಲ್ಲ, ಅವ್ವನೂ ಅಲ್ಲ, ನಿಮ್ಮ ತೋಳು. ನಿಮಗೆ ನಾನು ಯಾಕೆ ದ್ರೋಹ ಬಗೆಯಲಿ?

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಈ ಅರ್ಜಿಯನ್ನು ಈಗಾಗಲೇ ಓದಿರುತ್ತಾರೆ. ಹೆಸರು, ಹುದ್ದೆ ಬೇರೆ ಇರುತ್ತದೆ, ಅಷ್ಟೆ.

ಅಬ್ದಿ-ಹೆಬ ಬರೆಸಿದ್ದು ಅಕ್ಕಾಡಿಯನ್ ಭಾಷೆಯಲ್ಲಿ. 'ನನ್ನ ಮೇಲೆ ಚಾಡಿ ಹೇಳುತ್ತಿದ್ದಾರೆ' ಎನ್ನುವುದಕ್ಕೆ ಅವನು ಬಳಸಿದ ನುಡಿಗಟ್ಟನ್ನು ಬಲ್ಲವರು 'ನನ್ನ ತುಂಡು ತಿನ್ನುತ್ತಿದ್ದಾರೆ' ಎಂದು ಬಿಡಿಸುತ್ತಾರೆ. ಅದೇ ನುಡಿಗಟ್ಟು ಅರಾಮಿಕ್ ಭಾಷೆಗೆ ಹೋಗಿ, ಬೈಬಲ್ಲಿನ ದಾನಿಯೇಲನ ಭಾಗದಲ್ಲಿ ಯೆಹೂದ್ಯರ ಮೇಲೆ ದೊರೆಗೆ ದೂರು ಕೊಡುವ ಕಡೆಯೂ ಬರುತ್ತದೆ. ಮುಂದೆ ಸಿರಿಯಾಕ್ ಭಾಷೆಯಲ್ಲಿ 'ತುಂಡು ತಿನ್ನುವವ' ಅನ್ನುವುದು ಸೈತಾನನ ಹೆಸರೇ ಆಯಿತು. ಕುರಾನಿನ 49ನೇ ಅಧ್ಯಾಯದ 12ನೇ ವಾಕ್ಯ ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸುತ್ತದೆ. ಹಿಂದಿಯವರು ಚುಗಲ್‌ಖೋರ್ ಅನ್ನುತ್ತಾರೆ, ನಾವು ಚಾಡಿಕೋರ ಅನ್ನುತ್ತೇವೆ. ಆ 'ಕೋರ' ಪಾರಸಿಯಿಂದ ಬಂದದ್ದು, ತಿನ್ನುವವ ಅಂತ ಅರ್ಥ. ಲಂಚಕೋರ ಲಂಚ ತಿಂದ ಹಾಗೆ ಚಾಡಿಕೋರ ಚಾಡಿ ತಿಂದು ಬದುಕುತ್ತಾನೆ. ಇವೆಲ್ಲ ಒಂದೇ ಬೇರಿನವು ಅಂತ ನಾನು ಹೇಳುತ್ತಿಲ್ಲ. ಬೇರೆ ಬೇರೆ ಕಡೆ ಜನ ಇದನ್ನು ತಿನ್ನುವ ಕೆಲಸವಾಗಿಯೇ ಕಂಡರು ಅನ್ನುವುದನ್ನು ಮಾತ್ರ ನೋಡಿ. ರುಚಿ ಇಲ್ಲದಿದ್ದರೆ ಯಾರೂ ತಿನ್ನುವುದಿಲ್ಲವಲ್ಲ.

ನಾನು ವಕೀಲ. ನನ್ನ ಮುಂದೆ ಬಂದು ಕೂತವರು 'ಅವನು ನನ್ನ ಮಾನ ಕಳೆದ, ಕೇಸು ಹಾಕಿ' ಅಂದಾಗ ಮೊದಲು ಕೇಳಬೇಕಾದ್ದು: ಅವನು ಮಾಡಿದ್ದು ಯಾವುದು? ಯಾಕೆಂದರೆ ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹಳೆಯ ಭಾಷೆಗಳು ಇದನ್ನು ಕೋರ್ಟಿಗಿಂತ ಚೆನ್ನಾಗಿ ವಿಂಗಡಿಸಿಕೊಂಡಿವೆ.

ಅರಬ್ಬಿಯಲ್ಲಿ ಘೀಬತ್, ಬುಹ್ತಾನ್, ನಮೀಮತ್ ಅಂತ ಮೂರು. ಒಬ್ಬನಲ್ಲಿ ಇರುವ ಕೊರತೆಯನ್ನೇ ಅವನಿಲ್ಲದಾಗ ಆಡಿಕೊಂಡರೆ ಘೀಬತ್. ಇಲ್ಲದ್ದನ್ನು ಹೊರಿಸಿದರೆ ಬುಹ್ತಾನ್. ಇವನ ಮಾತನ್ನು ಅವನಿಗೆ ಮುಟ್ಟಿಸಿ ಇಬ್ಬರನ್ನು ಒಡೆದರೆ ನಮೀಮತ್. ಹೀಬ್ರೂವಿನಲ್ಲೂ ಹೆಚ್ಚುಕಡಿಮೆ ಇದೇ ಮೂರು: ಲಾಶೋನ್ ಹರಾ, ಅಂದರೆ ಕೆಟ್ಟ ನಾಲಗೆ, ಇದು ನಿಜವನ್ನೇ ಆಡುವುದು, ಮೋತ್ಸಿ ಶೇಮ್ ರಾ, ಸುಳ್ಳು ಹೇಳಿ ಕೆಟ್ಟ ಹೆಸರು ತರುವುದು, ರೆಖಿಲುತ್, ಮಾತು ಸಾಗಿಸುವುದು. ಈ ಕೊನೆಯದು ಊರೂರು ತಿರುಗಿ ಸಾಮಾನು ಮಾರುವವನ ಹೆಸರಿಗೆ ಹತ್ತಿರದ ಪದ. ಬೌದ್ಧರು ನಾಲಗೆಯ ತಪ್ಪುಗಳನ್ನು ನಾಲ್ಕು ಮಾಡಿದಾಗ ಸುಳ್ಳನ್ನು ಒಂದು ಕಡೆ ಇಟ್ಟು, ಪಿಸುಣಾ ವಾಚಾ ಅನ್ನುವುದನ್ನು ಬೇರೆಯೇ ಇಟ್ಟರು: ಇಲ್ಲಿ ಕೇಳಿದ್ದನ್ನು ಅಲ್ಲಿ ಹೇಳಿ, ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳಿ ಜನರನ್ನು ಒಡೆಯುವುದು. ನಮ್ಮ ಹಳಗನ್ನಡದ ಪಿಸುಣ ಈ ಮನೆತನದವನೇ. ಜೈನರು ಇನ್ನೂ ಸೂಕ್ಷ್ಮ. ಅವರ 18 ಪಾಪಸ್ಥಾನಗಳ ಪಟ್ಟಿಯಲ್ಲಿ ಅಭ್ಯಾಖ್ಯಾನ, ಪೈಶುನ್ಯ, ಪರಪರಿವಾದ ಮೂರಕ್ಕೂ ಬೇರೆ ಬೇರೆ ಅಂಕಿ ಇದೆ. ಇಲ್ಲದ ತಪ್ಪು ಹೊರಿಸುವುದು, ಚಾಡಿ, ಪರನಿಂದೆ. ಶ್ರವಣಬೆಳಗೊಳದಲ್ಲಿ ಪಾಠವಾಗುವ ತತ್ತ್ವಾರ್ಥಸೂತ್ರದ ಆರನೇ ಅಧ್ಯಾಯದಲ್ಲಿ ಕೀಳು ಹುಟ್ಟಿಗೆ ತಳ್ಳುವ ನೀಚಗೋತ್ರ ಕರ್ಮಕ್ಕೆ ಕಾರಣ ಹೇಳುವಾಗ ಪರನಿಂದೆ, ಆತ್ಮಪ್ರಶಂಸೆ ಎರಡನ್ನೂ ಒಟ್ಟಿಗೆ ಕಟ್ಟಿದ್ದಾರೆ. ಅದು ಸರಿಯಾಗಿದೆ ಅಂತ ನನ್ನ ಎಣಿಕೆ. ಪಕ್ಕದವನನ್ನು ಇಳಿಸುವವನು ತಾನು ಎಲ್ಲಿ ನಿಂತಿದ್ದೇನೆ ಅಂತ ಲೆಕ್ಕ ಹಾಕಿಯೇ ಇಳಿಸುತ್ತಾನೆ. ಬಸವಣ್ಣನವರ ವಚನದಲ್ಲೂ 'ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ' ಒಂದರ ಪಕ್ಕ ಒಂದು ಬಂದಿವೆ.

ಕನ್ನಡದಲ್ಲಿ ಹುಡುಕಿದರೆ ಮೂರೂ ಸಿಗುತ್ತವೆ. ಹಳಿಯುವುದು ಒಂದು, ಅಪವಾದ ಹೊರಿಸುವುದು ಒಂದು, ಚಾಡಿ ಒಂದು. ಚಾಡಿ ನಮ್ಮೊಬ್ಬರದೇ ಸ್ವತ್ತಲ್ಲ. ತೆಲುಗಿನವರೂ ಚಾಡೀ ಹೇಳುತ್ತಾರೆ, ಮರಾಠಿಯವರದು ಚಹಾಡಿ. ನಮ್ಮ ಕೊಂಡೆಯವೂ ತೆಲುಗಿನಲ್ಲಿ ಕೊಂಡೆಮು ಆಗಿದೆ. ಗಡಿ ವಿಚಾರಕ್ಕೆ, ನೀರಿನ ವಿಚಾರಕ್ಕೆ ಎಷ್ಟೇ ಜಗಳವಿದ್ದರೂ ಚಾಡಿಯ ವಿಚಾರದಲ್ಲಿ ದಖ್ಖನ್ನಿನಲ್ಲಿ ಒಗ್ಗಟ್ಟಿದೆ. ತಮಿಳಿನ ತಿರುಕ್ಕುರಳಿನಲ್ಲಿ 19ನೇ ಅಧ್ಯಾಯ ಪೂರ್ತಿ, ಹತ್ತು ಕುರಳು, ಬೆನ್ನ ಹಿಂದೆ ಮಾತಾಡದಿರುವುದರ ಬಗ್ಗೆಯೇ ಇದೆ.

ಚಾಡಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ, ನನ್ನ ಮಾತಿನ ತಿರುಳು ಇಲ್ಲಿದೆ.

ಸಕಲೇಶಪುರದ ಕಡೆಯ ಯಾವುದೋ ಒಂದು ಕಾಫಿ ತೋಟ ಅಂದುಕೊಳ್ಳಿ. ಸಂಜೆ ಹಣ್ಣಿನ ತೂಕ ಮುಗಿದಿದೆ, ಆಳುಗಳು ಲೈನಿಗೆ, ಅಂದರೆ ತಮ್ಮ ಮನೆಗಳ ಸಾಲಿಗೆ, ಹೋಗಿದ್ದಾರೆ. ಸಾಹುಕಾರರು ಕಣದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮೇಸ್ತ್ರಿ ಬಂದು ಟವೆಲು ತೆಗೆದು ನಿಲ್ಲುತ್ತಾನೆ. 'ನಂಗ್ಯಾಕೆ ಸಾವ್ಕಾರ್ರೆ ಊರ ಉಸಾಬರಿ. ನಾ ಹೇಳ್ದೆ ಅನ್ಬೇಡಿ. ನಿನ್ನೆ ಸಂಜೆ ರೈಟ್ರು ಪೇಟೇಲಿ ಕಾಫಿ ಡಿಪೋ ಹತ್ರ ನಿಂತಿದ್ರು.' ಅಷ್ಟೇ. ಹೇಳಿ ಹೊರಟೇ ಹೋಗುತ್ತಾನೆ. ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ನಿನ್ನೆ ಸಂಜೆ ಪೇಟೆಗೆ ಹೋಗಿದ್ದು ನಿಜ, ಡಿಪೋ ಹತ್ತಿರ ನಿಂತಿದ್ದೂ ನಿಜ. ಡಿಪೋ ಪಕ್ಕದಲ್ಲಿ ಔಷಧಿ ಅಂಗಡಿ ಇದೆ. ಮೇಸ್ತ್ರಿ ಒಂದಕ್ಷರ ಸುಳ್ಳು ಹೇಳಿಲ್ಲ, ಕದ್ದ ಅಂದಿಲ್ಲ, ಮಾರಿದ ಅಂದಿಲ್ಲ. ಉಳಿದದ್ದನ್ನು ಸಾಹುಕಾರರು ತಾವೇ ರಾತ್ರಿ ಕೂತು ಬರೆದುಕೊಂಡರು. ಬೆಳಿಗ್ಗೆ ಗೋಡೌನಿನ ಕೀಲಿ ವಾಪಸು ಕೇಳಿದರು. ಕಾರಣ ಹೇಳಲಿಲ್ಲ. ಆ ಹಂಗಾಮು ಮುಗಿಯುವುದರೊಳಗೆ ರೈಟರು ಬೇರೆ ಕಡೆ ಕೆಲಸ ಹುಡುಕಿಕೊಂಡರು. ಅವರ ಮೇಲೆ ಬಂದ ಆಪಾದನೆ ಏನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಕೋರ್ಟಿಗೆ ಹೇಗೆ ತರುತ್ತೀರಿ? 'ನಾ ಹೇಳ್ದೆ ಅನ್ಬೇಡಿ' ಅನ್ನುವ ಪೀಠಿಕೆಯಲ್ಲೇ ಸಾಕ್ಷಿ ಸತ್ತುಹೋಗಿದೆ. ಇಲ್ಲಿ ಕೆಲಸ ಮಾಡಿದ್ದು ಹೇಳಿದವನ ಬಾಯಿಗಿಂತ ಕೇಳಿದವರ ಕಿವಿ. ಅದಕ್ಕೆ ಕನ್ನಡದಲ್ಲಿ ಹೆಸರಿದೆ: ಹಿತ್ತಾಳೆ ಕಿವಿ. ಬೇರೆ ಭಾಷೆಗಳಲ್ಲಿ ಹೇಳುವವನನ್ನು ಬಯ್ಯಲು ಪದಗಳ ಸಾಲೇ ಇದೆ. ಗ್ರೀಕರಿಗೆ ಚಾಡಿಕೋರನ ಪದವೇ ಡಿಯಾಬೊಲೋಸ್; ಇಂಗ್ಲಿಷಿನ ಡೆವಿಲ್ ಅಲ್ಲಿಂದ ಬಂದವನು. ಕೇಳುವವನ ದೋಷಕ್ಕೆ ಇಷ್ಟು ನೇರವಾದ ಹೆಸರು ಇಟ್ಟು, ಮನೆಮನೆಯಲ್ಲಿ ಬಳಸುವ ಜನ ಕಡಿಮೆ. 'ನಮ್ಮೆಜಮಾನ್ರದು ಹಿತ್ತಾಳೆ ಕಿವಿ' ಅಂತ ಹೆಂಡತಿ ಹೇಳಿದರೆ ಅದು ಚಾಡಿಕೋರರ ಮೇಲಿನ ದೂರಲ್ಲ, ಯಜಮಾನರ ಮೇಲಿನದು.

ಯೆಹೂದ್ಯರ ಧರ್ಮಗ್ರಂಥ ತಾಲ್ಮೂದಿನಲ್ಲಿ ಇದಕ್ಕೆ ಸಮೀಪದ ಮಾತಿದೆ. ಕೆಟ್ಟ ನಾಲಗೆ ಮೂವರನ್ನು ಕೊಲ್ಲುತ್ತದೆ: ಹೇಳಿದವನನ್ನು, ಕೇಳಿ ಒಪ್ಪಿದವನನ್ನು, ಯಾರ ಬಗ್ಗೆ ಹೇಳಿದರೋ ಅವನನ್ನು. ಮುಂದೆ 12ನೇ ಶತಮಾನದಲ್ಲಿ ಯೆಹೂದ್ಯ ಪಂಡಿತ ಮೈಮೊನಿಡೀಸ್ ಒಂದು ಹೆಜ್ಜೆ ಮುಂದೆ ಹೋಗಿ, ಹೇಳಿದವನಿಗಿಂತ ಒಪ್ಪಿಕೊಂಡವನಿಗೆ ಪೆಟ್ಟು ಜಾಸ್ತಿ ಅಂದ. ನಮ್ಮ ಕಾನೂನಿನಲ್ಲಿ ಕೇಳಿದವನಿಗೆ ವಿಚಿತ್ರವಾದ ಜಾಗ. ಮೂರನೆಯವನೊಬ್ಬ ಕೇಳದಿದ್ದರೆ, ಓದದಿದ್ದರೆ, ಮಾನಹಾನಿಯೇ ಆಗಿಲ್ಲ. ನನ್ನ ಮುಖಕ್ಕೇ ನೀವು ಕಳ್ಳ ಅಂದರೆ, ಸುತ್ತ ಯಾರೂ ಇಲ್ಲದಿದ್ದರೆ, ಅದು ಬೈಗುಳ. ಮಾನಹಾನಿಯ ಕೇಸು ನಿಲ್ಲುವುದಿಲ್ಲ. ಅಪರಾಧ ಪೂರ್ತಿಯಾಗಲು ಕೇಳುಗ ಬೇಕೇ ಬೇಕು, ಆದರೆ ಕೇಳುಗನಿಗೆ ಶಿಕ್ಷೆ ಇಲ್ಲ, ಸಾಕ್ಷಿ ಕಟಕಟೆಗೆ ಕರೆಯುತ್ತಾರೆ ಅಷ್ಟೆ.

ನಿಜ ಹೇಳಿದರೆ ತಪ್ಪೇ ಅನ್ನುವ ಪ್ರಶ್ನೆ ಎಲ್ಲರಿಗೂ ಇರುತ್ತದೆ. ನಮ್ಮ ಗಾದೆ ಈ ಬಗ್ಗೆ ಸ್ಪಷ್ಟವಾಗಿದೆ: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಕೌಟಿಲ್ಯ ಇದಕ್ಕೆ ದರಪಟ್ಟಿಯನ್ನೇ ಹಾಕಿಟ್ಟಿದ್ದಾನೆ. ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಆದ್ದರಿಂದ ಇದನ್ನು ನಮ್ಮ ಪಕ್ಕದ ಮನೆಯ ಪುಸ್ತಕ ಅಂತಲೇ ತಿಳಿಯಬಹುದು. ಅದರ ಮೂರನೇ ಅಧಿಕರಣದಲ್ಲಿ ವಾಕ್ಪಾರುಷ್ಯದ, ಅಂದರೆ ಬಿರುನುಡಿಯ, ಪ್ರಕರಣ ಬರುತ್ತದೆ. ಒಕ್ಕಣ್ಣನನ್ನು ಒಕ್ಕಣ್ಣ ಅಂತ, ಕುಂಟನನ್ನು ಕುಂಟ ಅಂತ ಹೀಯಾಳಿಸಿದರೆ, ಮಾತು ನಿಜವೇ ಆಗಿದ್ದರೂ 3 ಪಣ ದಂಡ. ಸುಳ್ಳಾಗಿದ್ದರೆ 6 ಪಣ. ಅಂಥವನನ್ನೇ ಹಿಡಿದು 'ಆಹಾ, ಎಂಥ ಚೆಂದದ ಕಣ್ಣು' ಅಂತ ಹೊಗಳಿ ಹಂಗಿಸಿದರೆ 12 ಪಣ. ಸುಳ್ಳಿಗಿಂತ ಕೊಂಕಿಗೆ ಎರಡರಷ್ಟು! ಈ ಲೆಕ್ಕ ಹಾಕಿದವನು ಅರಳಿಕಟ್ಟೆಯ ಮೇಲೆ ಬಹಳ ಹೊತ್ತು ಕೂತಿರಬೇಕು. 'ಅವ್ರಾ? ದೊಡ್ಡ ಮನುಷ್ರು ಬಿಡಿ. ಸೊಸೈಟಿ ದುಡ್ಡು ಒಂದು ಪೈಸೆ ಮುಟ್ಟಿಲ್ಲ' ಅಂತ ಒಂದು ಕಡೆಯ ತುಟಿಯಲ್ಲಿ ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ.

ಈಗ ನೋಡಿ, ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ 1860ರಲ್ಲಿ ಜಾರಿಗೆ ಒಪ್ಪಿಗೆ ಪಡೆದ ಭಾರತೀಯ ದಂಡಸಂಹಿತೆಗೆ ಅರ್ಥಶಾಸ್ತ್ರ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೂ ಮಾನಹಾನಿಯ ಬಗೆಗಿನ ಅದರ 499ನೇ ಕಲಂ ಕೆಳಗೆ ಕೊಟ್ಟಿರುವ ಮೊದಲ ಉದಾಹರಣೆ ಇದು: 'ಝಡ್ ಪ್ರಾಮಾಣಿಕ, ಬಿ ಎಂಬವನ ಗಡಿಯಾರ ಅವನು ಕದ್ದೇ ಇಲ್ಲ' ಅಂತ ಎ ಹೇಳುತ್ತಾನೆ, ಕದ್ದದ್ದು ಅವನೇ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ. ಮಾನಹಾನಿ. ಎರಡನೆಯದು: ಗಡಿಯಾರ ಕದ್ದವರು ಯಾರು ಅಂತ ಕೇಳಿದಾಗ ಎ ಸುಮ್ಮನೆ ಝಡ್ ಕಡೆ ಬೆರಳು ತೋರಿಸುತ್ತಾನೆ. ಮೂರನೆಯದು: ಗಡಿಯಾರ ಎತ್ತಿಕೊಂಡು ಝಡ್ ಓಡುತ್ತಿರುವ ಚಿತ್ರ ಬರೆಯುತ್ತಾನೆ. ಬಾಯಿ ಬಿಡಬೇಕಾಗಿಯೇ ಇಲ್ಲ. 2024ರ ಜುಲೈ 1ರಿಂದ ಆ ಕಲಂ ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ಗಡಿಯಾರ ಹಾಗೇ ಇದೆ. ಎರಡು ವರ್ಷದವರೆಗಿನ ಸಾದಾ ಸಜೆ, ದಂಡ, ಇಲ್ಲವೇ ಎರಡೂ ಎನ್ನುವುದರ ಜೊತೆಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯೊಂದು ಸೇರಿದೆ. ನಿಜ ಹೇಳಿದ್ದೇನೆ ಅಂದರೆ ಕ್ರಿಮಿನಲ್ ಕೇಸಿನಲ್ಲಿ ಪೂರ್ತಿ ಪಾರಾಗುವುದಿಲ್ಲ. ಅದು ಸಾರ್ವಜನಿಕ ಹಿತಕ್ಕಾಗಿ ಇತ್ತು ಅಂತಲೂ ತೋರಿಸಬೇಕು. ಸಿವಿಲ್ ದಾವೆಯಲ್ಲಿ ನಿಜವೊಂದೇ ಸಾಕು. ಮಾನಹಾನಿಗೆ ಜೈಲು ಬೇಕೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ಕಲಂ ಉಳಿಯಿತು. ನನಗೇನೋ ಆ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ಈ ಕಲಮಿನ ಬೆದರಿಕೆಯನ್ನು ಮಾನ ಉಳಿಸಿಕೊಳ್ಳಲು ಬಳಸುವವರಿಗಿಂತ ಬಾಯಿ ಮುಚ್ಚಿಸಲು ಬಳಸುವವರು ಹೆಚ್ಚು ಅನ್ನುವುದು ನನ್ನ ಅನಿಸಿಕೆ.

ಇಂಗ್ಲೆಂಡಿನವರ ವಿಂಗಡಣೆ ಬೇರೆ. ಬರೆದರೆ ಲೈಬಲ್, ಆಡಿದರೆ ಸ್ಲ್ಯಾಂಡರ್. ಆಡಿದ ಮಾತಿಗೆ ಕೇಸು ನಿಲ್ಲಬೇಕಾದರೆ, ಕೆಲವು ಸಂದರ್ಭ ಬಿಟ್ಟು, ಅದರಿಂದ ಇಂಥದ್ದೇ ನಷ್ಟವಾಯಿತು ಅಂತ ಲೆಕ್ಕ ಕೊಡಬೇಕಿತ್ತು. ಹೆಂಗಸಿನ ಶೀಲದ ಬಗ್ಗೆ ಊರೆಲ್ಲ ಮಾತಾಡಿದರೂ, ದುಡ್ಡಿನ ನಷ್ಟ ತೋರಿಸದಿದ್ದರೆ ಆಕೆಗೆ ಪರಿಹಾರವಿರಲಿಲ್ಲ. ಇದಕ್ಕೆ ಅಲ್ಲಿ ಕಾನೂನು ತಿದ್ದಿದ್ದು 1891ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1884ರಲ್ಲಿ, ಮದ್ರಾಸ್ ಹೈಕೋರ್ಟಿನ ಮುಂದೆ ಪಾರ್ವತಿ ಎಂಬ ಹೆಣ್ಣುಮಗಳ ದಾವೆ ಬಂತು. ಮನ್ನಾರ್ ಎಂಬವನು ಆಕೆಯನ್ನು, ಕಟ್ಟಿಕೊಂಡ ಹೆಂಡತಿಯಲ್ಲ, ಅಲ್ಲಿಂದ ಇಲ್ಲಿಂದ ಹೊರಗಟ್ಟಿಸಿಕೊಂಡು ಬಂದವಳು ಅಂದಿದ್ದ. ಇಂಗ್ಲೆಂಡಿನ ನಿಯಮ ಇಲ್ಲಿ ನಡೆಯುವುದಿಲ್ಲ, ಮಾತಿನಿಂದಾದ ಅವಮಾನವೇ ಸಾಕು, ಪರಿಹಾರ ಕೊಡಿ ಎಂದಿತು ಕೋರ್ಟು. ಕಾನೂನು ಕಾಲೇಜಿನಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ಪ್ರಕರಣ ಇದು. ಆ ಕಾಲದಲ್ಲಿ ಇಂಥ ಮಾತನ್ನು ಎದುರಿಸಿ ಕೋರ್ಟಿನ ಮೆಟ್ಟಿಲು ಹತ್ತಿದವಳ ಗಟ್ಟಿತನಕ್ಕೆ ಒಂದು ಸಾಲು ಸಾಲದು.

ಪತ್ರಿಕೆಯ ಕನ್ನಡಕ್ಕೆ ಬಂದರೆ ಕೆಸರೆರಚಾಟ, ಮಸಿ ಬಳಿಯುವುದು, ಮಾನ ಹರಾಜು ಇವೆಲ್ಲ ಚುನಾವಣೆ ಬಂದಾಗ ಗೋದಾಮಿನಿಂದ ಹೊರಬರುವ ಸರಕು. ನನಗೆ ಅವುಗಳಲ್ಲಿ ಆಸಕ್ತಿ ಹುಟ್ಟಿಸುವುದು ತೇಜೋವಧೆ. ಜರ್ಮನ್ನರು ರೂಫ್‌ಮೋರ್ಡ್ ಅನ್ನುತ್ತಾರೆ, ಹೆಸರಿನ ಕೊಲೆ. ನಮ್ಮದರಲ್ಲೂ ವಧೆ ಇದೆ, ಆದರೆ ಕತೆ ಬೇರೆ. ಮಹಾಭಾರತದಲ್ಲಿ ಧರ್ಮರಾಯ ಶಲ್ಯನನ್ನು ಕೇಳಿಕೊಳ್ಳುತ್ತಾನೆ: ನೀನು ಕರ್ಣನಿಗೆ ಸಾರಥಿಯಾದಾಗ ಅವನ ತೇಜೋವಧೆ ಮಾಡು. ಶಲ್ಯ ಊರಿಗೆಲ್ಲ ಹೇಳಿಕೊಂಡು ತಿರುಗಲಿಲ್ಲ. ಕುದುರೆ ಹೊಡೆಯುತ್ತಾ, ಅರ್ಜುನನನ್ನು ಹೊಗಳುತ್ತಾ, ಕರ್ಣನನ್ನು ಅವನ ಕಿವಿಗೇ ಹಳಿದ. ಇವತ್ತಿನ ತೇಜೋವಧೆ ಊರ ಕಿವಿಗೆ ಆಗುವುದು, ಅವತ್ತಿನದು ಆದದ್ದು ಕರ್ಣನ ಕಿವಿಗೆ. ಅದನ್ನು ಮಾಡಲು ಕೇಳಿಕೊಂಡವನು ಧರ್ಮರಾಯ ಅನ್ನುವುದನ್ನು ನಾವು ಹೆಚ್ಚಾಗಿ ನೆನಪಿಸಿಕೊಳ್ಳುವುದಿಲ್ಲ.

ಅಪವಾದಕ್ಕೆ ಮದ್ದು ಏನು? ನಮ್ಮ ಮನೆಗಳಲ್ಲಿ ಅದಕ್ಕೊಂದು ಹಬ್ಬವೇ ಇದೆ. ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ, ಅದಕ್ಕೆ ಶ್ಯಮಂತಕ ಮಣಿಯ ಕತೆ ಕೇಳಬೇಕು. ಕತೆಯನ್ನು ವಕೀಲನ ಕಣ್ಣಿನಲ್ಲಿ ನೋಡಿ. ಸತ್ರಾಜಿತನ ಹತ್ತಿರ ಮಣಿ ಇತ್ತು. ಕೃಷ್ಣ ಒಮ್ಮೆ ಕೇಳಿದ್ದ, ಅವನು ಕೊಡಲಿಲ್ಲ. ತಮ್ಮ ಪ್ರಸೇನ ಅದನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದವನು ಬರಲಿಲ್ಲ. ಮಣಿ ಕೇಳಿದ್ದವನು ಕೃಷ್ಣ, ಆದ್ದರಿಂದ ಕೊಂದವನೂ ಕೃಷ್ಣನೇ ಅಂತ ಮಾತು ಹುಟ್ಟಿತು. ದ್ವಾರಕೆಯಲ್ಲೂ ಹಿತ್ತಾಳೆ ಕಿವಿಗೆ ಕೊರತೆ ಇರಲಿಲ್ಲ. ಕೃಷ್ಣ ಮಾಡಿದ ಕೆಲಸ ನೋಡಿ: ಆಣೆ ಇಡಲಿಲ್ಲ, ಸತ್ರಾಜಿತನ ಮೇಲೆ ಮರುದೂರು ಹೇಳಲಿಲ್ಲ. ಊರಿನ ಜನರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋದ. ಪ್ರಸೇನನ ಹೆಣ ಸಿಕ್ಕಿತು, ಅವನನ್ನು ಕೊಂದ ಸಿಂಹದ ಹೆಜ್ಜೆ ಸಿಕ್ಕಿತು, ಸಿಂಹವೂ ಸತ್ತು ಬಿದ್ದಿತ್ತು, ಅಲ್ಲಿಂದ ಜಾಂಬವಂತನ ಗುಹೆ. ಚೌತಿಯ ದಿನ ಹೇಳುವ ಶ್ಲೋಕವೂ ಕೃಷ್ಣ ಒಳ್ಳೆಯವನು ಅಂತ ಹೇಳುವುದಿಲ್ಲ. ಸಿಂಹ ಪ್ರಸೇನನನ್ನು ಕೊಂದಿತು, ಸಿಂಹವನ್ನು ಜಾಂಬವಂತ ಕೊಂದ ಅಂತ ಘಟನೆಗಳನ್ನು ಸಾಲಾಗಿ ಹೇಳುತ್ತದೆ. ನನ್ನ ಹತ್ತಿರ ಬರುವವರು 'ನಾನು ಅಂಥವನಲ್ಲ ಸಾರ್' ಅಂತ ಗಂಟೆಗಟ್ಟಲೆ ಹೇಳುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಜೊತೆಗೆ ಯಾರಿದ್ದರು ಅಂತ ಕೇಳಿದರೆ ತಡವರಿಸುತ್ತಾರೆ.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ವಾಟ್ಸಾಪ್ ಗುಂಪಿನಲ್ಲಿ ನಮ್ಮ ಮಗಳ ಬಗ್ಗೆ ಯಾರೋ ಬರೆದಿದ್ದನ್ನು ಹತ್ತು ಜನ ಮುಂದೆ ಕಳಿಸಿದ್ದಾರೆ. ಅವರೆಲ್ಲ 'ನಾವು ಬರೆದಿಲ್ಲ, ಬಂದದ್ದನ್ನು ಕಳಿಸಿದೆವು' ಅನ್ನುತ್ತಾರಲ್ಲ? ಆ ಸಬೂಬು ನಡೆಯುವುದಿಲ್ಲ ಅಮ್ಮ. ಮಾತನ್ನು ಮತ್ತೆ ಆಡಿದವನೂ ಆಡಿದವನೇ. ಫಾರ್ವರ್ಡ್ ಮಾಡುವುದೆಂದರೆ ಆ ಮಾತನ್ನು ಒಪ್ಪಿಕೊಂಡು ಅನುಮೋದಿಸಿದ ಹಾಗೆ ಅಂತ 2018ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿದೆ. ಗುಂಪಿನ ಅಡ್ಮಿನ್ ಮಾತ್ರ, ಬೇರೆಯವರು ಹಾಕಿದ ಮಾತಿಗೆ, ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆಯಲ್ಲ ಅಂತ 2016ರಲ್ಲಿ ದೆಹಲಿ ಹೈಕೋರ್ಟು ಹೇಳಿತ್ತು. ಯಾರು ಕಳಿಸಿದರು, ಯಾವಾಗ ಕಳಿಸಿದರು ಅನ್ನುವುದು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆ ಫೋನನ್ನೂ ಇಟ್ಟುಕೊಳ್ಳಿ. ಪರಿಹಾರದ ದಾವೆ ಹಾಕುವುದಾದರೆ ಒಂದು ವರ್ಷದ ಒಳಗೆ ಹಾಕಬೇಕು. ಊರ ಹಿರಿಯರು ರಾಜಿ ಮಾಡಿಸುತ್ತೇವೆ ಅಂತ ಎಳೆದಾಡುವುದರಲ್ಲೇ ಎಷ್ಟೋ ಜನರಿಗೆ ಆ ವರ್ಷ ಮುಗಿದುಹೋಗುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಬೆಳೆಗಾರರೊಬ್ಬರದು, ಪ್ರಶ್ನೆಗಿಂತ ತಕರಾರು ಅನ್ನಬೇಕು. 'ನೀವು ಹೇಳೋದೆಲ್ಲ ಸರಿ ವಕೀಲ್ರೇ. ನನ್ನ ತೋಟಕ್ಕೆ ವಾರಕ್ಕೊಂದು ಸಲ ಹೋಗೋದು ನಾನು. ಮೇಸ್ತ್ರಿ ಹೇಳಿದ್ದು ಕೇಳ್ಬೇಡಿ ಅಂದ್ರೆ ಕಾಫಿ ಕಣದಿಂದ ಹಂಗೇ ಹೋಗ್ತದೆ. ಇಬ್ರನ್ನೂ ಎದುರಿಗೆ ಕೂರ್ಸಿ ಕೇಳಿದ್ರೆ ಇನ್ಮೇಲೆ ನಿಜ ಹೇಳೋಕೂ ಯಾವನೂ ಬರಲ್ಲ.'

ಅವರ ಮಾತಿನಲ್ಲಿ ಅರ್ಧ ನ್ಯಾಯ ಇದೆ, ಕಾನೂನೂ ಅವರ ಪರ ಇದೆ. ಮಾನಹಾನಿಯ ಕಲಮಿಗೆ ಹತ್ತು ವಿನಾಯಿತಿಗಳಿವೆ. ಎಂಟನೆಯದರ ಉದಾಹರಣೆಯಲ್ಲಿ ಆಳಿನ ನಡತೆಯ ಬಗ್ಗೆ ಯಜಮಾನನಿಗೆ ದೂರು ಹೇಳುವುದನ್ನೇ ಹೆಸರಿಸಿದ್ದಾರೆ. ಮಗುವಿನ ಬಗ್ಗೆ ತಂದೆಗೆ ಹೇಳುವುದೂ ಅಲ್ಲಿದೆ. ಆದರೆ ಸದ್ಭಾವನೆಯಿಂದ ಹೇಳಿರಬೇಕು. ಕಾನೂನಿನ ಸದ್ಭಾವನೆ ಅಂದರೆ ಒಳ್ಳೆಯ ಮನಸ್ಸು ಮಾತ್ರ ಅಲ್ಲ, ತಕ್ಕ ಎಚ್ಚರ, ತಕ್ಕ ಗಮನ ಕೊಟ್ಟು ಹೇಳಿರಬೇಕು. ಹಾಗಾಗಿ ಬೆಳೆಗಾರರಿಗೆ ಹೇಳಿದೆ: ಎದುರುಬದುರು ಕೂರಿಸಬೇಡಿ, ಬೇಡ. ಮೇಸ್ತ್ರಿ ಟವೆಲು ಹೆಗಲಿಗೆ ಹಾಕಿಕೊಂಡು ಹೊರಡುವ ಮೊದಲು ಒಂದೇ ಮಾತು ಕೇಳಿ, 'ಅವರ ಕೈಯಲ್ಲಿ ಏನಿತ್ತಪ್ಪಾ, ಚೀಲವೋ, ಔಷಧಿ ಚೀಟಿಯೋ?'